ಮೂರು ಸಲ ಊಟಕ್ಕೆ ಬಂದಿದ್ದಾಳೆ, ಏನೂ ಹೇಳಿಲ್ಲ: ಜಪಾನಿನಲ್ಲಿ ಪ್ರೀತಿಯ ರೀತಿ ರಿವಾಜು

ಪ್ರಶ್ನೆ: ನಾನು ಹಾಸನ ಕಡೆಯವನು, ವಯಸ್ಸು 29. ಯೊಕೊಹಾಮಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಭಾಷೆ ಕಲಿಯುವ ಗುಂಪೊಂದರಲ್ಲಿ ಜಪಾನಿ ಹುಡುಗಿಯೊಬ್ಬಳ ಪರಿಚಯವಾಯಿತು. ನಾವಿಬ್ಬರೇ ಮೂರು ಸಲ ಊಟಕ್ಕೆ ಹೋಗಿದ್ದೇವೆ. ಪ್ರತಿ ಸಲವೂ ತನ್ನ ಪಾಲಿನ ದುಡ್ಡನ್ನು ತಾನೇ ಕೊಡುತ್ತಾಳೆ. ಮೆಸೇಜ್ ಮಾಡಿದರೆ ಉತ್ತರ ಬರುವುದು ಮಾರನೇ ದಿನ. ನನ್ನ ರೂಮ್‌ಮೇಟ್‌ನ ಗೆಳತಿ ಕೊರಿಯಾದವಳು, ಅವಳು ದಿನವಿಡೀ ಮೆಸೇಜ್ ಮಾಡುತ್ತಿರುತ್ತಾಳೆ. ಇಬ್ಬರ ಸಂಸ್ಕೃತಿಯೂ ಹೆಚ್ಚುಕಮ್ಮಿ ಒಂದೇ ಅಲ್ವಾ? ಹಾಗಾದರೆ ಇವಳಿಗೆ ನನ್ನ ಮೇಲೆ ಇಷ್ಟ ಇಲ್ಲವೇ? ನಮ್ಮ ಮನೆಯ ಬಗ್ಗೆಯೂ ಏನೂ ಕೇಳುವುದಿಲ್ಲ. ಡಿಸೆಂಬರ್ 24ರಂದು ಒಳ್ಳೆಯ ಹೋಟೆಲಿಗೆ ಊಟಕ್ಕೆ ಕರೆಯೋಣ ಅಂದುಕೊಂಡಿದ್ದೇನೆ. ನಾನು ಸಸ್ಯಾಹಾರಿ. ಊರಲ್ಲಿ ನನಗೆ ಹೆಣ್ಣು ನೋಡುತ್ತಿದ್ದಾರೆ. ಮನೆಯವರಿಗೆ ಇವಳ ವಿಷಯ ಯಾವಾಗ ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಅವಸರದ ವಿಷಯ ಆ ತಾರೀಖು. ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳದೆ 24ರಂದು ಊಟಕ್ಕೆ ಕರೆಯಬೇಡಿ.

ಜಪಾನಿನಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಒಬ್ಬರು. ಆದರೂ ಕ್ರಿಸ್‌ಮಸ್ ಹಿಂದಿನ ಸಂಜೆ ಅಲ್ಲಿ ದೊಡ್ಡ ದಿನ, ಅದೂ ಜೋಡಿಗಳ ದಿನ. ಮದುವೆಯಾಗಿ ಮಕ್ಕಳಿರುವವರು ಮನೆಯಲ್ಲಿ ಸ್ಟ್ರಾಬೆರಿ ಇಟ್ಟ ಕ್ರೀಮ್ ಕೇಕ್ ಕತ್ತರಿಸುತ್ತಾರೆ, ಕೆಎಫ್‌ಸಿ ಚಿಕನ್ ತರಿಸುತ್ತಾರೆ. ಆ ಕಂಪನಿ 1974ರಲ್ಲಿ ದೇಶದಾದ್ಯಂತ ಪ್ರಚಾರ ಮಾಡಿದ ಮೇಲೆ ಅದೊಂದು ಪದ್ಧತಿಯೇ ಆಗಿಹೋಯಿತು. ಇನ್ನೂ ಮದುವೆಯಾಗದ ಜೋಡಿಗಳು ದೀಪಾಲಂಕಾರ ನೋಡಲು ಹೋಗುತ್ತಾರೆ, ತಿಂಗಳ ಮೊದಲೇ ಟೇಬಲ್ ಹಿಡಿದು ಊಟ ಮಾಡುತ್ತಾರೆ. ಆ ಸಂಜೆಗೆ ಒಬ್ಬ ಹುಡುಗ ಒಬ್ಬ ಹುಡುಗಿಯನ್ನು ಕರೆದರೆ ಅದು ಬರೀ ಊಟದ ಕರೆಯಾಗಿ ಉಳಿಯುವುದಿಲ್ಲ. ನೀವು ಹೇಳದೇ ಇರುವ ಮಾತನ್ನು ಆ ತಾರೀಖೇ ಹೇಳಿಬಿಡುತ್ತದೆ. ಆಕೆ ಒಪ್ಪಿದರೆ ಏನನ್ನು ಒಪ್ಪಿದಳು ಎಂದು ನಿಮಗೆ ತಿಳಿಯುವುದಿಲ್ಲ. ಒಪ್ಪದಿದ್ದರೆ ಏನನ್ನು ಬೇಡವೆಂದಳು ಎಂದೂ ತಿಳಿಯುವುದಿಲ್ಲ.

ಅಲ್ಲಿ ಪ್ರೀತಿ ಶುರುವಾಗುವುದು ಮಾತಿನಿಂದ. ಇದಕ್ಕೆ 'ಕೊಕುಹಾಕು' ಎನ್ನುತ್ತಾರೆ. ಇಬ್ಬರೂ ಕೆಲವು ಸಲ ಭೇಟಿಯಾಗುತ್ತಾರೆ. ಆಮೇಲೆ ಒಬ್ಬರು ನೇರವಾಗಿ "ನೀವು ನನಗೆ ಇಷ್ಟ, ನನ್ನ ಜೊತೆ ಇರುತ್ತೀರಾ?" ಎಂದು ಕೇಳುತ್ತಾರೆ. ಇನ್ನೊಬ್ಬರು ಹೂಂ ಎಂದರೆ ಆ ಕ್ಷಣದಿಂದ ಅವರು ಜೋಡಿ. ಅಲ್ಲಿಯವರೆಗೆ ಹತ್ತು ಸಲ ಒಟ್ಟಿಗೆ ಉಂಡರೂ ಪರಿಚಯಸ್ಥರೇ. ಆ ಹಂತದಲ್ಲಿ ಆಕೆ ಬೇರೊಬ್ಬರ ಜೊತೆ ಊಟಕ್ಕೆ ಹೋದರೂ ಯಾರೂ ಅದನ್ನು ಮೋಸ ಎನ್ನುವುದಿಲ್ಲ. ಹೂಂ ಅಂದ ಮೇಲೆ ಹಾಗೆ ಮಾಡಿದರೆ ಮೋಸ. ಶಾಲೆಯ ದಿನಗಳಿಂದಲೇ ಮಕ್ಕಳು ಇದನ್ನು ನೋಡಿಕೊಂಡು ಬೆಳೆದಿರುತ್ತಾರೆ, ಹಾಗಾಗಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಮೂರನೇ ಭೇಟಿಯ ಹೊತ್ತಿಗೆ ಈ ಮಾತು ಬರಬೇಕು ಎಂಬ ಲೆಕ್ಕ ಅಲ್ಲಿಯ ಹುಡುಗ ಹುಡುಗಿಯರ ಬಾಯಲ್ಲಿದೆ. ನೀವು ಮೂರು ಮುಗಿಸಿದ್ದೀರಿ. ಆಕೆ ಏನೂ ಹೇಳಿಲ್ಲ ಎಂದು ನೀವು ಕೊರಗುತ್ತಿದ್ದೀರಿ. ಆಕೆಯೂ ನಿಮ್ಮ ಬಗ್ಗೆ ಹಾಗೇ ಅಂದುಕೊಳ್ಳುತ್ತಿರಬಹುದು.

ನಮ್ಮಲ್ಲಿ ಹೀಗಲ್ಲ. ಕಾಲೇಜಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತಾ, ನಗುತ್ತಾ, ಸ್ನೇಹಿತರು ರೇಗಿಸುತ್ತಾ ಹೇಗೋ ಒಂದು ದಿನ ಜೋಡಿಯಾಗಿರುತ್ತೇವೆ. ಯಾವತ್ತು ಶುರುವಾಯಿತು ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ದಿನ ಹೇಳುತ್ತಾರೆ. ಮನೆಯವರು ನೋಡಿದ ಸಂಬಂಧವಾದರೆ ಮಾತೆಲ್ಲ ಹಿರಿಯರದೇ. ಹಾಗಾಗಿ ನಮ್ಮ ಹುಡುಗರಿಗೆ ಸೂಚನೆ ಹುಡುಕುವ ಅಭ್ಯಾಸ ಜಾಸ್ತಿ. ದುಡ್ಡು ಯಾರು ಕೊಟ್ಟರು, ಮೆಸೇಜ್ ಎಷ್ಟು ಹೊತ್ತಿಗೆ ಬಂತು, ಫೋಟೋಗೆ ಹಾರ್ಟ್ ಹಾಕಿದಳಾ ಎಂದು ಲೆಕ್ಕ ಹಾಕುತ್ತಾ ಕೂರುತ್ತಾರೆ. ಜಪಾನಿನಲ್ಲಿ ಈ ಲೆಕ್ಕದಿಂದ ಏನೂ ಸಿಗುವುದಿಲ್ಲ.

ದುಡ್ಡಿನ ವಿಷಯವನ್ನೇ ನೋಡಿ. ಬಿಲ್ ಹಂಚಿಕೊಳ್ಳುವುದಕ್ಕೆ ಅಲ್ಲಿ 'ವರಿಕನ್' ಎನ್ನುತ್ತಾರೆ. ಗೆಳೆಯರ ನಡುವೆ, ಸಹೋದ್ಯೋಗಿಗಳ ನಡುವೆ, ಜೋಡಿಗಳ ನಡುವೆಯೂ ಅದು ಮಾಮೂಲು. ಮೊದಲ ಭೇಟಿಯಲ್ಲಿ ಗಂಡಸು ಸ್ವಲ್ಪ ಹೆಚ್ಚು ಕೊಡುವುದೂ ಇದೆ. ತನ್ನ ಪಾಲು ತಾನೇ ಕೊಟ್ಟರೆ ಇಷ್ಟವಿಲ್ಲ ಎಂದರ್ಥವಲ್ಲ, ನಿಮ್ಮ ಮೇಲೆ ಭಾರ ಹಾಕಲು ಇಷ್ಟವಿಲ್ಲ ಅಷ್ಟೇ. ನಿಮಗೆ ಕೊಡಲೇಬೇಕು ಅನ್ನಿಸಿದರೆ ಊಟದ ಬಿಲ್ ನೀವು ಕೊಡಿ, ಆಮೇಲಿನ ಕಾಫಿ ಆಕೆ ಕೊಡಲಿ. ಆಕೆಯ ಕೈಯಿಂದ ಪರ್ಸ್ ಕಿತ್ತುಕೊಳ್ಳುವ ನಮ್ಮೂರ ಜಗ್ಗಾಟ ಅಲ್ಲಿ ಮುಜುಗರ ತರುತ್ತದೆ. ಇನ್ನೊಂದು ಮಾತು. ಯಾರಾದರೂ ಊಟ ಕೊಡಿಸಿದರೆ ಆ ಕ್ಷಣ ಒಮ್ಮೆ, ಮುಂದಿನ ಸಲ ಸಿಕ್ಕಾಗ ಮತ್ತೊಮ್ಮೆ ಥ್ಯಾಂಕ್ಸ್ ಹೇಳಬೇಕು. ಈ ಎರಡನೇ ಥ್ಯಾಂಕ್ಸ್ ಅನ್ನು ನಮ್ಮವರು ಮರೆಯುತ್ತಾರೆ, ಅಲ್ಲಿಯವರು ಗಮನಿಸುತ್ತಾರೆ.

ಮೆಸೇಜ್ ಕೂಡ ಹಾಗೇ. ಅಲ್ಲಿ ಎಲ್ಲರೂ ಬಳಸುವುದು ಲೈನ್ ಆ್ಯಪ್. ಕೆಲಸದ ದಿನ ರಾತ್ರಿ ಹತ್ತಕ್ಕೆ ಮನೆ ಸೇರುವವರು ಮಾರನೇ ದಿನ ಉತ್ತರ ಬರೆದರೆ ಅದು ತಡವಲ್ಲ. ನೀವು ಮಾಡಬೇಕಾದದ್ದು ಭೇಟಿಯಾದ ರಾತ್ರಿಯೇ ಎರಡು ಸಾಲಿನ ಥ್ಯಾಂಕ್ಸ್ ಕಳಿಸುವುದು. "ಓದಿದ್ದೀರಿ, ಯಾಕೆ ಉತ್ತರ ಇಲ್ಲ" ಎಂದು ಮಾತ್ರ ಕೇಳಬೇಡಿ.

ನಿಜವಾಗಿ ನೋಡಬೇಕಾದದ್ದು ಬೇರೆ. ಆಕೆ ಒಬ್ಬಳೇ ಬರುತ್ತಾಳಾ, ಗೆಳತಿಯನ್ನು ಕರೆದುಕೊಂಡು ಬರುತ್ತಾಳಾ? ಒಂದು ದಿನ ಆಗದಿದ್ದರೆ ತಾನೇ ಇನ್ನೊಂದು ದಿನ ಹೇಳುತ್ತಾಳಾ? ಮೂರು ಸಲ ಒಬ್ಬಳೇ ಬಂದಿದ್ದಾಳೆ ಎಂದರೆ ನಿಮ್ಮನ್ನು ಕಂಡರೆ ಆಕೆಗೆ ಬೇಸರವಂತೂ ಇಲ್ಲ. ಅದಕ್ಕಿಂತ ಮುಂದಿನದನ್ನು ನಾನು ಊಹಿಸಲಾರೆ, ನೀವೂ ಊಹಿಸಬೇಡಿ. ಕೇಳಿ.

ಹೇಗೆ ಕೇಳುವುದು? ನೀವು ಯೊಕೊಹಾಮಾದಲ್ಲೇ ಇದ್ದೀರಿ, ಒಳ್ಳೆಯದಾಯಿತು. ಕೆಂಪು ಇಟ್ಟಿಗೆಯ ಹಳೇ ಗೋದಾಮುಗಳ ಅಂಗಳದಲ್ಲಿ ನವೆಂಬರ್ ಕೊನೆಯಿಂದ ಕ್ರಿಸ್‌ಮಸ್ ಸಂತೆ ನಡೆಯುತ್ತದೆ. ಡಿಸೆಂಬರ್ ಮೊದಲ ವಾರದಲ್ಲೇ ಒಂದು ಸಂಜೆ ಅಲ್ಲಿಗೆ ಕರೆಯಿರಿ. ತಿಂದು, ಸುತ್ತಾಡಿ, ಯಮಾಶಿತಾ ಪಾರ್ಕ್ ಕಡೆಗೆ ನಡೆಯುತ್ತಾ ಹೋಗಿ. ಜನ ಕಡಿಮೆ ಇರುವ, ಆದರೆ ಪೂರ್ತಿ ನಿರ್ಜನವಲ್ಲದ ಜಾಗ ನೋಡಿಕೊಂಡು ಹೇಳಿ. ಆ ಗೋದಾಮುಗಳ ಹತ್ತಿರದಲ್ಲೇ ಕಾಸ್ಮೋ ಕ್ಲಾಕ್ ಎಂಬ ದೊಡ್ಡ ಜಯಂಟ್ ವೀಲ್ ಇದೆ. ಅದರೊಳಗೆ ಹೇಳಿದರೆ ಚೆನ್ನ ಎಂದು ಗೆಳೆಯರು ಹೇಳಬಹುದು. ನನಗೆ ಅದು ಸರಿ ಕಾಣುವುದಿಲ್ಲ. ಒಂದು ಸುತ್ತಿಗೆ ಸುಮಾರು 15 ನಿಮಿಷ ಬೇಕು. ಆಕೆಗೆ ಬೇಡವೆನಿಸಿದರೆ ಅಷ್ಟು ಹೊತ್ತು ಎದುರುಬದುರು ಕೂತಿರಬೇಕಾಗುತ್ತದೆ. ಎದ್ದು ಹೋಗುವ ದಾರಿ ಇರುವ ಕಡೆ ಕೇಳುವುದೇ ಮರ್ಯಾದೆ. ಹಾಗೇ ನಾಲ್ಕು ಜನರ ಮುಂದೆ ಮಂಡಿಯೂರುವುದು, ಹೂವಿನ ದೊಡ್ಡ ಗುಚ್ಛ ಹಿಡಿಯುವುದು ಬೇಡ. ರೈಲಿನಲ್ಲಂತೂ ಬೇಡವೇ ಬೇಡ.

ಮಾತು ಚಿಕ್ಕದಿರಲಿ. "ಸುಕಿ ದೆಸ್. ಯೊಕತ್ತರ, ತ್ಸುಕಿಯತ್ತೆ ಕುದಸಾಯ್." ಅಂದರೆ ನೀವು ನನಗೆ ಇಷ್ಟ, ನಿಮಗೆ ಒಪ್ಪಿಗೆಯಾದರೆ ನನ್ನ ಜೊತೆ ಇರಿ ಎಂದು. ಅಲ್ಲಿಯ ಎಲ್ಲರೂ ಹೇಳುವ ಮಾತೇ ಇದು. ಹೊಸದಾಗಿ ಕವಿತೆ ಕಟ್ಟಬೇಕಾಗಿಲ್ಲ. ನಿಮ್ಮ ಜಪಾನಿ ಭಾಷೆ ತಡವರಿಸಿದರೂ ಪರವಾಗಿಲ್ಲ, ಆಕೆಗೆ ಅರ್ಥವಾಗುವುದು ಮುಖ್ಯ.

ಈಗ ಬೇಡ ಎನ್ನುವ ಉತ್ತರದ ಬಗ್ಗೆ. ಇದನ್ನು ನಿಧಾನವಾಗಿ ಓದಿ. ನಮ್ಮ ಹುಡುಗರು ಎಡವುವುದು ಇಲ್ಲಿಯೇ. ಜಪಾನಿನಲ್ಲಿ ಬೇಡ ಎಂಬುದನ್ನು ಬೇಡ ಎಂದು ಹೇಳುವುದು ಅಪರೂಪ. "ಚೊತ್ತೊ...", ಅಂದರೆ "ಸ್ವಲ್ಪ...", ಎಂದು ಎಳೆದು ಸುಮ್ಮನಾಗಬಹುದು. ಈಗ ಕೆಲಸ ಜಾಸ್ತಿ ಎನ್ನಬಹುದು. ಮತ್ತೆ ಯಾವಾಗಲಾದರೂ ನೋಡೋಣ ಎಂದು ಹೇಳಿ ಯಾವ ದಿನವನ್ನೂ ಹೇಳದಿರಬಹುದು. ನಗುನಗುತ್ತಾ ಗೆಳೆಯರಾಗಿಯೇ ಇರೋಣ ಎನ್ನಬಹುದು. ಇವೆಲ್ಲವೂ ಬೇಡ ಎಂದೇ. ನಗು ನೋಡಿ ಮೋಸಹೋಗಬೇಡಿ, ಅದು ನಿಮಗೆ ನೋವಾಗದಿರಲಿ ಎಂದು ನಕ್ಕ ನಗು. ಯೋಚಿಸಲು ಸಮಯ ಕೊಡಿ ಎಂದರೆ ಮಾತ್ರ ಒಂದೆರಡು ವಾರ ಕಾಯಿರಿ, ನಡುವೆ ನೆನಪಿಸಬೇಡಿ.

ಹಿಂದೆ ಬಿದ್ದರೆ ಒಲಿದೇ ಒಲಿಯುತ್ತಾಳೆ ಎಂದು ನಮ್ಮ ಎಷ್ಟೋ ಸಿನಿಮಾಗಳು ಕಲಿಸಿವೆ. ಅದು ಹಾಸನದಲ್ಲೂ ತಪ್ಪು, ಯೊಕೊಹಾಮಾದಲ್ಲಿ ಪೊಲೀಸ್ ಠಾಣೆಯವರೆಗೆ ಹೋಗುವ ತಪ್ಪು. ಜಪಾನಿನಲ್ಲಿ 1999ರಲ್ಲಿ ಒಕೆಗಾವಾ ಎಂಬ ಊರಿನಲ್ಲಿ ಹಿಂಬಾಲಿಸುವವರ ಕಾಟಕ್ಕೆ ಒಬ್ಬ ಯುವತಿ ಜೀವ ಕಳೆದುಕೊಂಡಳು. ಅದರ ಬೆನ್ನಿಗೇ 2000ದಲ್ಲಿ ಹಿಂಬಾಲಿಸುವಿಕೆ ತಡೆಯುವ ಕಾನೂನು ಬಂತು. 2013ರಲ್ಲಿ ಇಮೇಲ್ ಅದರೊಳಗೆ ಸೇರಿತು, 2016ರ ತಿದ್ದುಪಡಿಯಲ್ಲಿ ಸಾಮಾಜಿಕ ಜಾಲತಾಣದ ಮೆಸೇಜ್‌ಗಳೂ ಸೇರಿದವು. ಬೇಡ ಎಂದ ಮೇಲೆ ಮತ್ತೆ ಮತ್ತೆ ಮೆಸೇಜ್ ಮಾಡುವುದು, ಆಫೀಸಿನ ಹತ್ತಿರ ಕಾಯುವುದು ಇದರ ವ್ಯಾಪ್ತಿಗೆ ಬರುತ್ತದೆ. 2023ರ ಜುಲೈ 13ರಿಂದ ಅಪರಾಧ ಸಂಹಿತೆಯೂ ಬದಲಾಗಿದೆ. ಕುಡಿದು ಅಮಲಿನಲ್ಲಿದ್ದಾಗ, ಹೆದರಿ ಮರಗಟ್ಟಿದಾಗ, ಮೇಲಧಿಕಾರಿಯ ಒತ್ತಡವಿದ್ದಾಗ, ಹೀಗೆ ಒಲ್ಲೆ ಎನ್ನಲಾಗದ ಸ್ಥಿತಿಯಲ್ಲಿ ನಡೆದ ಲೈಂಗಿಕ ಸಂಪರ್ಕ ಅಪರಾಧ ಎಂದು ಅದು ಬಿಡಿಸಿ ಹೇಳುತ್ತದೆ. ನೀವು ಅಂಥವರು ಎಂದು ಇದನ್ನೆಲ್ಲ ಹೇಳುತ್ತಿಲ್ಲ. ಪರದೇಶದಲ್ಲಿರುವ ಒಬ್ಬ ಹುಡುಗನಿಗೆ ಇದನ್ನು ಮೊದಲೇ ಯಾರಾದರೂ ಹೇಳಬೇಕು, ಅದಕ್ಕೇ ಹೇಳಿದೆ.

ಆಕೆ ಹೂಂ ಎಂದರೆ ಕೈ ಹಿಡಿದು ನಡೆಯಬಹುದು, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಬೀದಿಯಲ್ಲಿ ಮುತ್ತಿಡುವುದನ್ನು ಹೆಚ್ಚಿನವರು ಇಷ್ಟಪಡುವುದಿಲ್ಲ. ಹೇಳಿದ ಸಮಯಕ್ಕೆ ಐದು ನಿಮಿಷ ಮೊದಲೇ ಇರಿ. ಫೆಬ್ರವರಿ 14ರಂದು ಗುಲಾಬಿ ಹಿಡಿದು ಓಡಬೇಡಿ, ಅಲ್ಲಿ ಆ ದಿನ ಚಾಕೊಲೇಟ್ ಕೊಡುವುದು ಹುಡುಗಿ. ಹುಡುಗ ಮಾರ್ಚ್ 14ರಂದು ತಿರುಗಿ ಕೊಡಬೇಕು. ಅದು ವೈಟ್ ಡೇ, ಮಿಠಾಯಿ ತಯಾರಕರು 1978ರ ಹೊತ್ತಿಗೆ ಹುಟ್ಟಿಸಿದ ದಿನ. ಆಫೀಸಿನಲ್ಲಿ ಎಲ್ಲ ಗಂಡಸರಿಗೂ ಮರ್ಯಾದೆಗೆ ಹಂಚುವ ಚಾಕೊಲೇಟ್ ಬೇರೆ, ಮನಸ್ಸಿನಿಂದ ಕೊಡುವ ಚಾಕೊಲೇಟ್ ಬೇರೆ. ಈ ಮರ್ಯಾದೆಯ ಚಾಕೊಲೇಟ್ ಹೆಂಗಸರಿಗೆ ಎಷ್ಟು ಹೊರೆಯಾಗಿತ್ತೆಂದರೆ, 2018ರಲ್ಲಿ ಗೊಡೈವಾ ಎಂಬ ಚಾಕೊಲೇಟ್ ಕಂಪನಿಯೇ ಅದನ್ನು ನಿಲ್ಲಿಸೋಣ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು.

ಇನ್ನು ನಿಮ್ಮ ರೂಮ್‌ಮೇಟ್‌ನ ಗೆಳತಿ. ಕೊರಿಯಾ ಮತ್ತು ಜಪಾನ್ ಭೂಪಟದಲ್ಲಿ ಅಕ್ಕಪಕ್ಕ, ಈ ವಿಷಯದಲ್ಲಿ ಬಹಳ ದೂರ. ಕೊರಿಯಾದಲ್ಲಿ ಹೆಚ್ಚಾಗಿ ಗೆಳೆಯರೇ ಇಬ್ಬರನ್ನು ಪರಿಚಯ ಮಾಡಿಸುತ್ತಾರೆ, ಅದು 'ಸೊಗೆಟಿಂಗ್'. ಆಮೇಲೆ 'ಸಮ್' ಎಂಬ ಹಂತ ಬರುತ್ತದೆ. ಇಷ್ಟವಿದೆ ಎಂದು ಇಬ್ಬರಿಗೂ ಗೊತ್ತಿರುತ್ತದೆ, ಜೋಡಿ ಎಂದು ಇನ್ನೂ ಹೇಳಿಕೊಂಡಿರುವುದಿಲ್ಲ. ಜೋಡಿಯಾದ ದಿನವನ್ನು ಒಂದನೇ ದಿನ ಎಂದು ಎಣಿಸಿ ನೂರನೇ ದಿನವನ್ನು ಆಚರಿಸುತ್ತಾರೆ. ಜೋಡಿ ಉಂಗುರ, ಒಂದೇ ತರದ ಟೀ ಶರ್ಟ್ ಎಲ್ಲ ಉಂಟು. ಫೆಬ್ರವರಿ 14, ಮಾರ್ಚ್ 14 ಎರಡೂ ಮುಗಿದ ಮೇಲೆ, ಯಾರಿಂದಲೂ ಏನೂ ಸಿಗದವರು ಏಪ್ರಿಲ್ 14ರಂದು ಕಪ್ಪು ಸಾಸಿನ ಜಜಂಗ್‌ಮ್ಯೋನ್ ನೂಡಲ್ಸ್ ತಿನ್ನುತ್ತಾರೆ. ಮೆಸೇಜ್ ಮಾಡುವ ಕಾಕಾವೊಟಾಕ್ ಆ್ಯಪ್‌ನಲ್ಲಿ ಓದದ ಮೆಸೇಜ್ ಪಕ್ಕ 1 ಎಂಬ ಅಂಕಿ ಇರುತ್ತದೆ. ಓದಿದ ಕೂಡಲೇ ಅದು ಮಾಯ. ಊಟ ಆಯ್ತಾ, ಮನೆ ಸೇರಿದೆಯಾ ಎಂದು ದಿನವಿಡೀ ಕೇಳುವುದು ಅಲ್ಲಿ ಅಕ್ಕರೆ. ಇದನ್ನು ನಿಮ್ಮ ಗೆಳತಿಯಿಂದ ಎದುರು ನೋಡಿದರೆ ಆಕೆಗೆ ಅನ್ಯಾಯ ಮಾಡಿದಂತೆ.

ಕೊರಿಯಾದ ಒಂದು ವಿಷಯ ಮಾತ್ರ ಹಾಸನದ ನಿಮ್ಮ ಅಜ್ಜಿಗೂ ಥಟ್ಟನೆ ಅರ್ಥವಾದೀತು. ಅಲ್ಲಿ ಒಂದೇ ಮನೆತನದ ಹೆಸರು, ಒಂದೇ ಮೂಲದ ಊರು ಇದ್ದವರು ಮದುವೆಯಾಗುವಂತಿರಲಿಲ್ಲ, ಸಗೋತ್ರ ನಿಷೇಧದ ಹಾಗೆಯೇ. ಅದೂ ಬರೀ ರೂಢಿಯಲ್ಲ, ಕಾನೂನು. ಗಿಮ್ಹೆ ಮೂಲದ ಕಿಮ್‌ಗಳೇ ಲಕ್ಷಾಂತರ ಜನ, ಹಾಗಾಗಿ ಯಾವ ರಕ್ತಸಂಬಂಧವೂ ಇಲ್ಲದ ಎಷ್ಟೋ ಜೋಡಿಗಳು ವರ್ಷಗಟ್ಟಲೆ ಒದ್ದಾಡಿದವು. 1997ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಅದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು, 2005ರಲ್ಲಿ ಕಾನೂನು ಬದಲಾಯಿತು.

ಚೀನಾಕ್ಕೆ ಹೋದರೆ ಇನ್ನೊಂದು ನೋಟ. ಶಾಂಘೈನ ಪೀಪಲ್ಸ್ ಪಾರ್ಕ್‌ನಲ್ಲಿ ವಾರಾಂತ್ಯ ತಂದೆತಾಯಿಯರೇ ಬಿಡಿಸಿದ ಕೊಡೆಯ ಮೇಲೆ ಮಗನ, ಮಗಳ ವಯಸ್ಸು, ಎತ್ತರ, ಸಂಬಳ, ಸ್ವಂತ ಮನೆ ಇದೆಯೇ ಎಂದು ಬರೆದಿಟ್ಟು ಕೂರುತ್ತಾರೆ. ಏಷ್ಯಾದವರೆಲ್ಲ ಒಂದೇ ಎಂದು ಅಂದುಕೊಂಡರೆ ಯಾರನ್ನೂ ಸರಿಯಾಗಿ ನೋಡಲಾಗುವುದಿಲ್ಲ.

ಮನೆಯ ಬಗ್ಗೆ ಆಕೆ ಕೇಳುವುದಿಲ್ಲ ಎಂದಿದ್ದೀರಿ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರೂ ಅಪ್ಪ ಏನು ಮಾಡುತ್ತಾರೆ, ಎಷ್ಟು ಜನ ಮಕ್ಕಳು ಎಂದು ಕೇಳುತ್ತಾರೆ. ಜಪಾನಿನಲ್ಲಿ ಪರಿಚಯ ಗಟ್ಟಿಯಾಗುವ ಮೊದಲು ಅದನ್ನು ಕೇಳುವುದು ಒರಟುತನ. ಅಪ್ಪ ಅಮ್ಮನನ್ನು ಭೇಟಿ ಮಾಡಿಸುವುದಂತೂ ಸಾಮಾನ್ಯವಾಗಿ ಮದುವೆಯ ಮಾತಿಗೆ ಬಂದಾಗ. ಅಂಥ ದಿನ ಬಂದರೆ ಬರಿಗೈಯಲ್ಲಿ ಹೋಗಬೇಡಿ, ಸಿಹಿಯ ಪೊಟ್ಟಣ ಹಿಡಿದುಕೊಳ್ಳಿ. ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಮೂತಿ ಹೊರಗೆ ತಿರುಗಿರಲಿ. ತೂತಿಲ್ಲದ ಕಾಲುಚೀಲ ಹಾಕಿಕೊಳ್ಳಿ. ತತಾಮಿ ಚಾಪೆಯ ಅಂಚಿನ ಪಟ್ಟಿ ತುಳಿಯಬೇಡಿ.

ಜಪಾನಿನಲ್ಲೂ ಹಿಂದೆ ಹಿರಿಯರು ಕೂಡಿಸಿದ ಮದುವೆಗಳೇ ಹೆಚ್ಚು. 'ಒಮಿಯಾಯ್' ಎಂಬ ಆ ಪದ್ಧತಿಯಲ್ಲಿ ನಡುವಿನವರು ಫೋಟೋ, ವಿವರ ಹಂಚಿ ಭೇಟಿ ಮಾಡಿಸುತ್ತಿದ್ದರು. 1930ರ ದಶಕದಲ್ಲಿ ಮೂರರಲ್ಲಿ ಎರಡು ಮದುವೆ ಹಾಗೆ ಆಗುತ್ತಿದ್ದವು. 1959ರಲ್ಲಿ ಆಗಿನ ಯುವರಾಜ ಅಕಿಹಿತೊ ಕರುಯ್‌ಝವಾದ ಟೆನಿಸ್ ಅಂಗಳದಲ್ಲಿ ಪರಿಚಯವಾಗಿದ್ದ, ರಾಜಮನೆತನದವರಲ್ಲದ ಮಿಚಿಕೊ ಅವರನ್ನು ಮದುವೆಯಾದರು. 1960ರ ದಶಕದ ಕೊನೆಗೆ ಪ್ರೇಮವಿವಾಹಗಳೇ ಮುಂದಾದವು. ಈಗ ಮದುವೆಗಳೇ ಕಡಿಮೆಯಾಗಿ, 2024ರಲ್ಲಿ ಟೋಕಿಯೊ ಸರ್ಕಾರವೇ ಜೋಡಿ ಹುಡುಕುವ ಆ್ಯಪ್ ಶುರುಮಾಡಿದೆ. ಅದಕ್ಕೆ ಸೇರಲು ಮದುವೆಯಾಗಿಲ್ಲ ಎಂಬ ಅಧಿಕೃತ ಪತ್ರ ಕೊಡಬೇಕು. ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ನಿಮ್ಮ ಮನೆಯ ಹೆಣ್ಣು ನೋಡುವ ಶಾಸ್ತ್ರ ಆಕೆಗೆ ವಿಚಿತ್ರ ಅನ್ನಿಸಲಾರದು. ಆಕೆಯ ಅಜ್ಜ ಅಜ್ಜಿಯ ಮದುವೆಯೇ ಹಾಗಾಗಿರಬಹುದು.

ಊಟದ ವಿಷಯ. ಸಸ್ಯಾಹಾರಿ ಎಂದು ಆಕೆಗೆ ಬಿಡಿಸಿ ಹೇಳಿದ್ದೀರಾ? ಅಲ್ಲಿ ತರಕಾರಿ ಅಡುಗೆಯಲ್ಲೂ ಒಣಮೀನಿನ ರಸ, ಅಂದರೆ ದಾಶಿ, ಇರುತ್ತದೆ. ಮಿಸೊ ಸಾರಿನಲ್ಲೂ ಅದೇ. ಮಾಂಸ, ಮೀನು, ಮೀನಿನ ದಾಶಿ ಮೂರನ್ನೂ ಹೆಸರು ಹಿಡಿದು ಹೇಳಿ, ಅದೂ ಟೇಬಲ್ ಬುಕ್ ಮಾಡುವಾಗಲೇ. ತಟ್ಟೆ ಮುಂದೆ ಬಂದ ಮೇಲೆ ತಳ್ಳಿದರೆ ಕರೆತಂದವರು ಕುಗ್ಗಿಹೋಗುತ್ತಾರೆ. ಹತ್ತಿರದ ಕಾಮಕುರಾದಲ್ಲಿ ಬೌದ್ಧ ದೇಗುಲಗಳ ಶೋಜಿನ್ ಅಡುಗೆ ಸಿಗುತ್ತದೆ, ಅದಕ್ಕೆ ಮಾಂಸ ಮೀನು ಸೋಕಿಸುವುದಿಲ್ಲ. ಟೋಕಿಯೊದ ನಿಶಿ ಕಸಾಯ್ ಸುತ್ತ ನಮ್ಮವರು ಬಹಳ ಜನ ಇದ್ದಾರೆ, ಆಕೆಯನ್ನು ಒಮ್ಮೆ ಆ ಕಡೆ ದೋಸೆಗೆ ಕರೆದುಕೊಂಡು ಹೋಗಿ. ಕುಡಿಯುವಾಗ ನಿಮ್ಮ ಲೋಟ ನೀವೇ ತುಂಬಿಕೊಳ್ಳಬೇಡಿ, ಆಕೆಯ ಲೋಟ ನೀವು ತುಂಬಿ. ಚಾಪ್‌ಸ್ಟಿಕ್ ಅನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬೇಡಿ. ಮೊದಲನೆಯದು ಸತ್ತವರಿಗೆ ಎಡೆ ಇಡುವ ಬಗೆ, ಎರಡನೆಯದು ಚಿತೆಯ ಅಸ್ಥಿ ಆಯುವ ಬಗೆ.

ಕೊನೆಯದಾಗಿ ನಿಮ್ಮ ಮನೆಯವರು. ಆಕೆಯ ವಿಷಯ ಅವರಿಗೆ ಈಗಲೇ ಪೂರ್ತಿ ಹೇಳಬೇಕಾಗಿಲ್ಲ. ಆಕೆಯನ್ನೇ ಇನ್ನೂ ಕೇಳಿಲ್ಲವಲ್ಲ. ಆದರೆ ಹೆಣ್ಣು ನೋಡುವುದನ್ನು ಮಾತ್ರ ಆಕೆಯನ್ನು ಕೇಳುವ ಮೊದಲೇ ನಿಲ್ಲಿಸಿ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆಕೆ ಹೂಂ ಅಂದ ಮೇಲೂ ಊರಲ್ಲಿ ನಿಮ್ಮ ಜಾತಕ ಓಡಾಡುತ್ತಿದ್ದರೆ, ರಜೆಗೆ ಬಂದಾಗ ಅಮ್ಮನ ಮಾತು ಮೀರಲಾಗದೆ ಒಂದು ಮನೆಗೆ ಹೋಗಿ ಉಪ್ಪಿಟ್ಟು ಕಾಫಿ ಮುಗಿಸಿ ಬಂದರೆ, ಅಲ್ಲಿ ಅದಕ್ಕೆ ಇರುವ ಹೆಸರು 'ಫುತಮತ', ನಮ್ಮ ಮಾತಿನಲ್ಲಿ ಎರಡು ದೋಣಿಯ ಮೇಲೆ ಕಾಲು. ಹೆತ್ತವರ ಸಮಾಧಾನಕ್ಕೆ ಸುಮ್ನೆ ಹೋಗಿದ್ದೆ ಎಂದರೆ ಆಕೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಊರಿನ ಆ ಇನ್ನೊಬ್ಬ ಹುಡುಗಿಗೂ ಅದು ಅನ್ಯಾಯವೇ.

ಈ ಭಾನುವಾರ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿ: "ಅಮ್ಮ, ಇಲ್ಲಿ ಒಬ್ಬರು ಇಷ್ಟವಾಗಿದ್ದಾರೆ. ಅವರನ್ನು ಇನ್ನೂ ಕೇಳಿಲ್ಲ. ಏನೇ ಆದರೂ ನಿನಗೆ ಹೇಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಜಾತಕ ಕೊಡಬೇಡ." ಅಮ್ಮ ಅಳಬಹುದು, ನಾಲ್ಕು ದಿನ ಮಾತು ಬಿಡಬಹುದು. ಅದನ್ನು ತಡೆದುಕೊಳ್ಳಿ. ಈಗಾಗಲೇ ಜಾತಕ ಹೋಗಿರುವ ಮನೆಗಳಿಗೆ ಸದ್ಯಕ್ಕೆ ಬೇಡ ಎಂದು ಅಪ್ಪನಿಂದಲೇ ಫೋನ್ ಮಾಡಿಸಿ.